ಗೋಡೆಯ ಬುಡದ ರೋಗಿಗಳು

ತೈಯುವಾನ್
ನವೆಂಬರ್ 5, 2006

ನನ್ನ ಮುದುಕ ರೆನ್‌ಗೆ,

ಹೇಗಿದ್ದೀಯ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯೋಣವೆಂದರೆ, ಎಲ್ಲರೂ ಅಂದರೆ ನಾನೊಬ್ಬಳೇ. ಬಾಲ್ಕನಿಯಲ್ಲಿ ನೀನು ಬಿಟ್ಟುಹೋದ ಹೂಕುಂಡಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅವು ಅಂಥ ಕ್ಷೇಮವಾಗೇನೂ ಇಲ್ಲ. ಅದಕ್ಕೂ ಬೈಯಬೇಡ, ಪತ್ರ ತಡವಾದದ್ದಕ್ಕೂ ಬೈಯಬೇಡ. ಕ್ಯಾಮರೂನಿನಿಂದ ನಿನ್ನ ಎರಡು ಪತ್ರ ಒಟ್ಟಿಗೇ ಬಂದವು. ಯಾವುದಕ್ಕೆ ಮೊದಲು ಉತ್ತರಿಸಲಿ ಎಂದು ಯೋಚಿಸುವಷ್ಟರಲ್ಲಿ ಎಲೆ ಉದುರುವ ಕಾಲವೇ ಮುಗಿಯಿತು.

ಫೋನಿನಲ್ಲಿ ಹೇಳಬಹುದಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಊಟ ಆಯ್ತಾ" ಎನ್ನುತ್ತೀಯ, ನಾನು "ಆಯ್ತು, ನಿಂದು?" ಎನ್ನುತ್ತೇನೆ, ಅಷ್ಟರಲ್ಲಿ ತಂತಿಯೊಳಗೆ ಯಾರೋ ಗೊರಕೆ ಹೊಡೆದ ಸದ್ದು ಶುರುವಾಗುತ್ತದೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಕಾಗದ ವಾಸಿ. ಮಧ್ಯೆ ಬಾಯಿ ಹಾಕುವುದಿಲ್ಲ.

ಸುದ್ದಿ ಏನೆಂದರೆ, ನಿನ್ನ ಹೆಂಡತಿ ಈಗ ಶನಿವಾರಗಳ ಭಾಷಣಗಾರ್ತಿ. ಬೈಶಿ ಪಟ್ಟಣದ ಔಷಧರಾಜನ ಗುಡಿ ನಿನಗೆ ನೆನಪಿರಬೇಕು. ಮದುವೆಯಾದ ಹೊಸತರಲ್ಲಿ ನಾನು ಅಲ್ಲಿ ಏಣಿ ಹತ್ತಿ ಗೋಡೆಯ ಚಿತ್ರಗಳನ್ನು ನಕಲು ತೆಗೆಯುತ್ತಿದ್ದಾಗ ನೀನು ಕೆಳಗೆ ನಿಂತು ಏಣಿ ಹಿಡಿದುಕೊಂಡು ಡಾಕ್ಟರ್ ಪರೀಕ್ಷೆಗೆ ಓದುತ್ತಿದ್ದೆ. ಅದೇ ಗುಡಿ. ಆ ಊರಿನ ಸಂಸ್ಕೃತಿ ಭವನದ ನಿರ್ದೇಶಕ ಹೌ ದೆಶೆಂಗ್ ಬೇಸಿಗೆಯಲ್ಲಿ ಕಾಲೇಜಿಗೇ ಬಂದು, "ಮೇಡಂ, ಚಳಿಗಾಲದಲ್ಲಿ ಪಾಳಿ ಮುಗಿದ್ಮೇಲೆ ನಮ್ಮ ಜನಕ್ಕೆ ಮಾಡೋಕೆ ಏನೂ ಇರಲ್ಲ, ಇಸ್ಪೀಟು ಆಡ್ತಾರೆ. ನಮ್ಮ ಗುಡಿ ಗೋಡೆ ಬಗ್ಗೆ ನಾಲ್ಕು ಮಾತು ಹೇಳಿ. ಟಿಕೆಟ್ ಇಲ್ಲ, ಬಿಸಿನೀರು ಪುಕ್ಕಟೆ" ಎಂದು ಕರೆದ. ಒಪ್ಪಿಕೊಂಡೆ. ಮನೆಯಲ್ಲಿ ಕೂತರೆ ಎದ್ದು ಓಡಾಡಬೇಕು ಅನ್ನಿಸುತ್ತದೆ, ಓಡಾಡಿದರೆ ಕೂರಬೇಕು ಅನ್ನಿಸುತ್ತದೆ. ನೀನು ಹೋದಾಗಿನಿಂದ ನನ್ನ ಪಾಡು ಇದೇ. ಬಸ್ಸಿನಲ್ಲಾದರೂ ಕೂತೇ ಓಡಾಡಬಹುದಲ್ಲ.

ಮೊದಲ ಉಪನ್ಯಾಸ ಮಣ್ಣುಪಾಲಾಯಿತು. ನಾನು ಮಿಂಗ್ ಅರಸರ ಕಾಲದ ಕುಂಚಗಳ ಬಗ್ಗೆ, ಖನಿಜದ ಹಸಿರಿನ ಬಗ್ಗೆ ಹೇಳುತ್ತಲೇ ಹೋದೆ. ಜನ ಬಂದಿದ್ದದ್ದು ಹೀಟರಿಗಾಗಿ. ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುವ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ಹೊರಟಿದ್ದ ಪಕ್ಕದವಳ ತೋಳೆಳೆದು, "ಕೂತ್ಕೊಳ್ಳೇ, ಪಾಪ ಅಷ್ಟು ದೂರದಿಂದ ಬಂದಿದಾಳೆ" ಎಂದು ಗದರಿದಳು. ನನಗೆ ಅಂಥ ಕರುಣೆ ಯಾವ ವಿದ್ವತ್ಸಭೆಯಲ್ಲೂ ಸಿಕ್ಕಿರಲಿಲ್ಲ.

ಎರಡನೇ ಶನಿವಾರ ಪುಸ್ತಕದ ಮಾತು ಬಿಟ್ಟೆ. ಗೋಡೆಯ ಬುಡದ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದೆ. ನಿನಗೆ ಗೊತ್ತಲ್ಲ, ಮೇಲೆ ನಡುವಿನಲ್ಲಿ ಔಷಧರಾಜ ಕೂತಿದ್ದಾನೆ, ಅಕ್ಕಪಕ್ಕದಲ್ಲಿ ರೇಷ್ಮೆಯುಟ್ಟ ರೋಗಿಗಳು, ಬುಡದಲ್ಲಿ ಕಪ್ಪು ಮುಖದವರ ಒಂದು ಸಾಲು. ನನ್ನ ಗುರುಗಳ ಕಾಲದಿಂದಲೂ ಎಲ್ಲ ವಿದ್ವಾಂಸರು ಬರೆದದ್ದು ಒಂದೇ: ಅವು ರೋಗದ ಭೂತಗಳು, ದೇವರ ಮುಂದೆ ಶಿಕ್ಷೆಗೆ ಕಾದು ಕೂತಿವೆ. ನಾನು ಕಳೆದ ವರ್ಷ ಆ ಬಣ್ಣವನ್ನು ಪರೀಕ್ಷೆಗೆ ಕಳಿಸಿದ್ದೆ. ಅದು ಕಪ್ಪೇ ಅಲ್ಲ. ಸೀಸದ ಬಿಳಿ. ತೇವಕ್ಕೆ, ಹೊಗೆಗೆ ನಿಧಾನವಾಗಿ ಕಪ್ಪಾಗುವ ಬಿಳಿ. ಅಂದರೆ ಅವರು ಭೂತಗಳಲ್ಲ, ಮುಖ ಬಿಳಿಚಿಕೊಂಡ ರೋಗಿಗಳು. ದೇವರಿಗೂ ಸಿರಿವಂತರಿಗೂ ತಲೆಮಾರಿಗೊಮ್ಮೆ ಯಾರಾದರೂ ಭಕ್ತರು ಹೊಸ ಬಣ್ಣ ಹಾಕಿಸಿದ್ದಾರೆ, ಅದಕ್ಕೆ ಅವರ ಮುಖ ಬೆಳ್ಳಗಿದೆ. ಬುಡದಲ್ಲಿ ಕೂತವರಿಗೆ ಯಾರೂ ಹಾಕಿಸಲಿಲ್ಲ. ಅವರು ಕಪ್ಪಾಗುತ್ತಾ ಹೋದರು, ನಾವು ಪುಸ್ತಕ ಬರೆದು ಅವರನ್ನು ಭೂತ ಮಾಡಿದೆವು.

ಸಭೆಯಲ್ಲಿ ಬೀಜದ ಸದ್ದು ನಿಂತಿತು. ಹಿಂದಿನಿಂದ ಒಬ್ಬ, "ನಮ್ಮೂರಲ್ಲಿ ಬಿಳಿ ಮುಖ ಕಪ್ಪಾಗೋಕೆ ಅಷ್ಟು ವರ್ಷ ಯಾಕೆ ಮೇಡಂ, ಒಂದು ಪಾಳಿ ಸಾಕು" ಎಂದ. ಎಲ್ಲರೂ ನಕ್ಕರು. ಬೈಶಿಯ ಗಂಡಸರೆಲ್ಲ ಕಲ್ಲಿದ್ದಲ ಗಣಿಯವರೇ.

ಆ ನಗು ಇಳಿದ ಮೇಲೆ ಗೋಡೆ ಪಕ್ಕದ ಕುರ್ಚಿಯಿಂದ ಒಬ್ಬ ಕೈ ಎತ್ತಿದ. ಹೆಸರು ಚೈ ಯೂಶಾನ್. ನಿನಗಿಂತ ಚಿಕ್ಕವನು, ನೋಡಿದರೆ ನಿನ್ನ ತಂದೆ ಎನ್ನಬೇಕು. ಅವನ ಹೆಂಡತಿ ಮೆಯ್‌ಶಿಯಾನ್ ಅವನನ್ನು ಮೂರು ಚಕ್ರದ ಗಾಡಿಯಲ್ಲಿ ಕೂರಿಸಿ, ತೊಡೆಯ ಮೇಲೆ ಆಮ್ಲಜನಕದ ಚೀಲ ಇಟ್ಟು, ತಾನೇ ತುಳಿದುಕೊಂಡು ಬಂದಿದ್ದಳು. ಅವನು ಮಾತಾಡುವುದೆಂದರೆ ಮೆಟ್ಟಿಲು ಹತ್ತಿದ ಹಾಗೆ, ಎರಡು ಪದಕ್ಕೊಮ್ಮೆ ನಿಲ್ಲಬೇಕು.

"ಆ ಕೊನೇಲಿ... ಕೂತಿರೋನು," ಎಂದ. "ಅವನ ಸರದಿ... ಬಂತಾ, ಮೇಡಂ?"

"ಚಿತ್ರ ಅಲ್ವಾ ಅಣ್ಣಾ. ಅವನು ಅಲ್ಲೇ ಇರ್ತಾನೆ," ಎಂದೆ.

"ಹಾಗಾದ್ರೆ... ಬರೆದೋನು... ನಮ್ಮೂರೋನೇ."

ಮತ್ತೆ ನಗು. ಅವನೂ ನಗಲು ಹೋಗಿ ಕೆಮ್ಮಿಗೆ ಸಿಕ್ಕಿಕೊಂಡ. ಮೆಯ್‌ಶಿಯಾನ್ ಅವನ ಬಾಯಿ ಒರೆಸಿ, "ಸಾಕು ಬಿಡಿ, ಊರನ್ನೆಲ್ಲ ನೀವೇ ನಗಿಸಬೇಕಾ" ಎಂದಳು.

ಉಪನ್ಯಾಸ ಮುಗಿದ ಮೇಲೆ ಅಲ್ಲಿನ ಆರೋಗ್ಯ ಕೇಂದ್ರದ ಡಾಕ್ಟರ್ ನಿಯೆ ರುಯ್‌ಲಿನ್ ನನ್ನನ್ನು ಹಿಡಿದುಕೊಂಡಳು. ಮೂವತ್ತು ದಾಟಿದ ಹುಡುಗಿ, ನಾಲಿಗೆ ಕತ್ತರಿ. ಹೇಳಿದಳು: "ಮೇಡಂ, ನಾನು ಕರೆದ್ರೆ ಯಾರೂ ಬರಲ್ಲ, ನಿಮ್ಮ ಭೂತ ನೋಡೋಕೆ ಊರೇ ಬಂದಿದೆ. ಮುಂದಿನ ವಾರದಿಂದ ನಿಮ್ಮ ಸತ್ತ ರೋಗಿಗಳಿಗೆ ಅರ್ಧ ಗಂಟೆ, ನನ್ನ ಬದುಕಿರೋ ರೋಗಿಗಳಿಗೆ ಅರ್ಧ ಗಂಟೆ. ಏನಂತೀರಿ?" ನನಗೆ ಇಲ್ಲ ಎನ್ನಲಾಗಲಿಲ್ಲ. ಯೂಶಾನ್‌ಗೆ ಇರುವುದು ಕಲ್ಲಿದ್ದಲ ಧೂಳಿನ ಕಾಯಿಲೆ ಎನ್ನುವುದು ಅವಳ ಖಚಿತ ಅಭಿಪ್ರಾಯ. ಆದರೆ ಅವಳ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲವಂತೆ. ನಗರದ ಆಸ್ಪತ್ರೆಯ ತಪಾಸಣೆ ಸಮಿತಿಯೇ ಹೇಳಬೇಕು. ಸಮಿತಿ ಅವನನ್ನು ಹಿಂದೊಮ್ಮೆ ನೋಡಿ ಕ್ಷಯ ಎಂದು ಬರೆದು ಕಳಿಸಿತಂತೆ. ಕ್ಷಯವಾದರೆ ಗಣಿಯವರ ಹೊಣೆಯಿಲ್ಲ, ಚಿಕಿತ್ಸೆ ಅವನ ಹಣೆಬರಹ.

ನಿನ್ನನ್ನು ಕೇಳುವುದು ಅದಕ್ಕೇ. ಎಕ್ಸ್‌ರೇಯಲ್ಲಿ ಕ್ಷಯ ಯಾವುದು, ಧೂಳು ಯಾವುದು ಎಂದು ಹೇಗೆ ತಿಳಿಯುತ್ತದೆ? ಜೀವಮಾನವೆಲ್ಲ ಜನರ ಎದೆಗೆ ಕಿವಿಗೊಟ್ಟವನು ನೀನು. ನನ್ನಂಥ ಗೋಡೆ ಓದುವವಳಿಗೆ ಅರ್ಥವಾಗುವ ಹಾಗೆ ಬರೆ.

ಸ್ವೆಟರ್ ಕಳಿಸಲೇ ಎಂದು ಕೇಳಲು ಹೊರಟಿದ್ದೆ, ಅಲ್ಲಿ ಅದನ್ನು ಏನು ಮಾಡುತ್ತೀಯ. ಸೊಳ್ಳೆಪರದೆ ಕಟ್ಟದೆ ಮಲಗಬೇಡ.

ನಿನ್ನ
ಸುಯೂನ್


ತೈಯುವಾನ್
ಜನವರಿ 28, 2007

ರೆನ್,

ಈ ಸಲದ ತಡಕ್ಕೆ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ. ಬರೆಯಲು ಕೂತು ಕೂತು ಎದ್ದೆ. ಮೇಜು ಒರೆಸಿದೆ, ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಮೊನ್ನೆ ಲಾಬಾ ಹಬ್ಬಕ್ಕೆ ಎಂಟು ಕಾಳಿನ ಗಂಜಿ ಮಾಡಿ, ಒಬ್ಬಳೇ ತಿನ್ನಲಾರದೆ ಪಕ್ಕದ ಮನೆಗೆ ಕೊಟ್ಟೆ. ಬೆಳ್ಳುಳ್ಳಿ ಸುಲಿದು ವಿನೆಗರಿನಲ್ಲಿ ಹಾಕಿದ್ದೇನೆ, ಹಸಿರಾಗುತ್ತಿದೆ. ನೀನಿದ್ದರೆ ಹದಕ್ಕೆ ಬರುವ ಮೊದಲೇ ಜಾಡಿಗೆ ಕೈ ಹಾಕುತ್ತಿದ್ದೆ.

ನಿನ್ನ ಪತ್ರ ಬಂತು. ಆಸ್ಪತ್ರೆಯ ಜನರೇಟರ್ ಕೆಟ್ಟದ್ದು, ಹೆರಿಗೆಗೆ ಬಂದವಳು ನಿನಗೆ ಕೋಳಿ ತಂದುಕೊಟ್ಟದ್ದು, ಅಂಗಳದ ಮಾವಿನಮರ, ಎಲ್ಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ನಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಇರಲಿ, ಮೊದಲು ನಡೆದದ್ದನ್ನು ಹೇಳುತ್ತೇನೆ.

ಡಾಕ್ಟರ್ ನಿಯೆ ಮತ್ತು ನನ್ನ ಜೋಡಿ ಉಪನ್ಯಾಸ ಊರಿಗೆ ಹಿಡಿಸಿತು. ನಾನು ಗೋಡೆಯ ರೋಗಿಗಳ ಬಗ್ಗೆ ಹೇಳುವುದು, ಅವಳು ಎದ್ದು ಶ್ವಾಸಕೋಶದ ಚಿತ್ರ ತೂಗುಹಾಕಿ ಧೂಳು ಹೇಗೆ ಒಳಗೆ ಕಲ್ಲಾಗುತ್ತದೆ, ಯಾವ ಕೆಮ್ಮಿಗೆ ಕಷಾಯ ಸಾಕು, ಯಾವುದಕ್ಕೆ ಸಾಲದು ಎಂದು ಹೇಳುವುದು. ಕೊನೆಗೆ ಕಾನೂನು. ತಪಾಸಣೆಗೆ ಹೋಗಬೇಕಾದರೆ "ಈತ ನಮ್ಮಲ್ಲಿ ದುಡಿದಿದ್ದಾನೆ" ಎಂದು ಗಣಿಯವರೇ ಬರೆದುಕೊಡಬೇಕಂತೆ. "ಕಳ್ಳನ ಹತ್ರಾನೇ ಹೋಗಿ, ಸ್ವಾಮಿ, ನೀವು ಕದ್ದಿದ್ದು ಹೌದು ಅಂತ ಬರೆದುಕೊಡಿ ಅಂದ ಹಾಗೆ" ಎಂದಳು ನಿಯೆ. ಅರ್ಧಕ್ಕರ್ಧ ಗಣಿಗಳು ಮುಚ್ಚಿವೆ, ಇಲ್ಲವೇ ಹೆಸರು ಬದಲಿಸಿವೆ. ಯೂಶಾನ್‌ಗೆ ಹಿಂದೊಮ್ಮೆ ಬರೆದುಕೊಟ್ಟಿದ್ದ ಗಣಿಯೂ ಈಗ ಬೇರೆ ಹೆಸರಿನಲ್ಲಿದೆ. ಬರೆದುಕೊಡುವವರು ಯಾರು? ಜೊತೆಯಲ್ಲಿ ದುಡಿದವರು ಸಾಕ್ಷಿ ಹೇಳಿದರೂ ನಡೆಯುತ್ತದೆ, ಪಕ್ಕದ ಜಿಲ್ಲೆಯಲ್ಲಿ ಒಪ್ಪಿಕೊಂಡಿದ್ದಾರೆ ಎಂದು ಅವಳು ಹೇಳಿದಾಗ ಸಭೆ ತಲೆ ತಗ್ಗಿಸಿತು. ಸಾಕ್ಷಿ ಹೇಳಬೇಕಾದವರಲ್ಲಿ ಇನ್ನೂ ಗಣಿಗೆ ಇಳಿಯುತ್ತಿರುವವರೇ ಹೆಚ್ಚು.

ಹೌ ದೆಶೆಂಗ್‌ನ ಮುಖ ವಾರ ವಾರಕ್ಕೂ ಬಾಡುತ್ತಿತ್ತು. ಒಂದು ದಿನ ಪಕ್ಕಕ್ಕೆ ಕರೆದು, "ಮೇಡಂ, ನೀವು ಗೋಡೆ ಮೇಲೆ ಎಷ್ಟು ಬೇಕಾದ್ರೂ ನಡೀರಿ, ಕೆಳಕ್ಕೆ ಮಾತ್ರ ಇಳೀಬೇಡಿ. ಕೆಳಗೆ ನಾನಿದೀನಿ, ನನ್ನ ನೌಕರಿ ಇದೆ, ಮಗಳ ಮದುವೆ ಇದೆ" ಎಂದ.

"ಗೋಡೆ ಬುಡದಲ್ಲಿ ಕೂತಿರೋರ ಬಗ್ಗೆ ಮೇಲಿಂದ ಹೇಗೆ ಹೇಳೋದು ಹೌ ಅಣ್ಣಾ?" ಎಂದೆ.

ಮುಂದಿನ ಶನಿವಾರ ಬಸ್ಸಿಳಿದು ಹೋದರೆ ಭವನಕ್ಕೆ ಬೀಗ. ಬಾಗಿಲ ಮೇಲೆ "ಹೀಟರ್ ದುರಸ್ತಿ" ಎಂಬ ಚೀಟಿ. ಊರೇ ಹೊರಗೆ ಕಾಲು ಕುಟ್ಟುತ್ತಾ ನಿಂತಿದೆ. ಹೌ ಮೆಟ್ಟಿಲ ಮೇಲೆ ನಿಂತು, ಯಾರ ಮುಖವನ್ನೂ ನೋಡದೆ, ಆಕಾಶಕ್ಕೆ ಹೇಳಿದ ಹಾಗೆ ಹೇಳಿದ: "ಈ ಕಟ್ಟಡ ನನ್ನ ಇಲಾಖೆ. ಗುಡಿ ನನ್ನ ಇಲಾಖೆ ಅಲ್ಲ. ಅದರ ಬಾಗಿಲಿಗೆ ನಾನು ಬೀಗ ಹಾಕಿಲ್ಲ, ಹಾಕೋಕೂ ಆಗಲ್ಲ."

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಜನ ಸ್ಟೂಲು, ಕಂಬಳಿ, ಕಲ್ಲಿದ್ದಲ ಒಲೆ ಎಲ್ಲ ಎತ್ತಿಕೊಂಡು ಗುಡಿಯ ಅಂಗಳಕ್ಕೆ ನಡೆದರು. ಬಿಸಿಲಿತ್ತು, ಆದರೆ ಚಾಕುವಿನಂಥ ಗಾಳಿ. ಪರದೆಯಿಲ್ಲ, ಪ್ರೊಜೆಕ್ಟರಿಲ್ಲ. ಗರ್ಭಗುಡಿಯ ಬಾಗಿಲು ತೆಗೆಸಿ, ಹತ್ತು ಹತ್ತು ಜನರನ್ನು ಒಳಗೆ ಕರೆದು ಗೋಡೆಯನ್ನೇ ತೋರಿಸಿದೆ. ರೆನ್, ನಾನು ಎಷ್ಟೋ ಊರಿನಲ್ಲಿ ಆ ಗೋಡೆಯ ಬಗ್ಗೆ ಮಾತಾಡಿದ್ದೇನೆ. ಬುಡದ ಸಾಲನ್ನು ನೋಡಲು ಜನ ಮಂಡಿಯೂರಿದ್ದನ್ನು ಅವತ್ತೇ ಮೊದಲು ಕಂಡದ್ದು. ಒಬ್ಬಳು ತನ್ನ ಮಗುವಿಗೆ, "ಭೂತ ಅಲ್ಲ ಕಣೋ, ಹುಷಾರಿಲ್ಲ ಅಷ್ಟೆ" ಎಂದು ಹೇಳುತ್ತಿದ್ದಳು. ನನ್ನ ಎಲ್ಲ ಪ್ರಬಂಧಗಳ ಸಾರವನ್ನು ಅವಳು ಅಷ್ಟರಲ್ಲಿ ಮುಗಿಸಿದಳು.

ನಿಯೆಯ ಸರದಿ ಬಂತು. "ಯೂಶಾನ್ ಜೊತೆ ಗಣಿಯಲ್ಲಿದ್ದೋರು ಯಾರಾದ್ರೂ ಇದೀರಾ?" ಎಂದು ಕೇಳಿದಳು. ಯಾರೂ ಏಳಲಿಲ್ಲ. ಒಲೆಯ ಕೆಂಡ ಚಟಗುಟ್ಟುತ್ತಿತ್ತು. ಅಂಗಳದ ಕಂಬಕ್ಕೊರಗಿ ಒಬ್ಬ ಅಪರಿಚಿತ ನಿಂತು ಕಿತ್ತಳೆ ಸುಲಿಯುತ್ತಿದ್ದ, ಒಳ್ಳೆಯ ಚರ್ಮದ ಕೋಟು. ಗಣಿ ಮಾಲೀಕರ ಕಡೆಯವನು ಎಂದು ನನಗೆ ಆಮೇಲೆ ತಿಳಿಯಿತು, ಉಳಿದವರಿಗೆಲ್ಲ ಆಗಲೇ ಗೊತ್ತಿತ್ತು.

ಆಗ ಮೆಯ್‌ಶಿಯಾನ್ ಎದ್ದಳು. ಅವಳು ದನಿ ಏರಿಸಲಿಲ್ಲ.

"ನಾನು ಯಾರನ್ನೂ ಬಲವಂತ ಮಾಡಲ್ಲ," ಎಂದಳು. "ನಿಮ್ಮ ಮನೇಲೂ ಒಲೆ ಉರೀಬೇಕು, ನನಗೆ ಗೊತ್ತು. ಆದ್ರೆ ನಮ್ಮ ಮದುವೇಲಿ ನೀವೆಲ್ಲ ಬಂದು ಕುಡಿದು ಬಿದ್ದಿದ್ರಲ್ಲ, ಆವಾಗ ಎಲ್ಲರೂ ಇವರ ಜೊತೆಗಾರರೇ ಆಗಿದ್ರಿ. ಇವತ್ತು ಇವರು ಎಲ್ಲಿ ದುಡಿದ್ರು ಅಂತಾನೇ ಯಾರಿಗೂ ಗೊತ್ತಿಲ್ವಾ? ಇಷ್ಟು ವರ್ಷ ಇವರು ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಿದ್ರು ಹಾಗಾದ್ರೆ? ಇನ್ನೊಂದು ಸಂಸಾರ ಇತ್ತಾ?"

ಯೂಶಾನ್ ಗಾಡಿಯಿಂದಲೇ, "ಇದ್ದಿದ್ರೆ... ಚೆನ್ನಾಗಿತ್ತು," ಎಂದ.

ನಗು ಬಂತು, ನಗುವಿನ ಜೊತೆಗೇ ಒಬ್ಬ ಎದ್ದ. ಟೋಪಿ ತೆಗೆದು, "ನಾನಿದ್ದೆ. ನಾನು ಕೊರೆಯೋ ಯಂತ್ರ ಹಿಡೀತಿದ್ದೆ, ಅವನು ನನ್ನ ಹಿಂದೆ ಇರ್ತಿದ್ದ. ನನ್ನ ಧೂಳೂ ಅವನೇ ಕುಡಿದ," ಎಂದ. ಆಮೇಲೆ ಇನ್ನೊಬ್ಬ. ಆಮೇಲೆ ನಿಯೆಗೆ ಬರೆದುಕೊಳ್ಳುವುದೇ ಕಷ್ಟವಾಯಿತು. ಯೂಶಾನ್‌ಗೆಂದು ಎದ್ದವರು ತಮ್ಮ ಕೆಮ್ಮನ್ನೂ ಹೇಳಿಕೊಂಡರು, ಒಬ್ಬರಿಗೊಬ್ಬರು ಸಾಕ್ಷಿಯಾದರು.

ಕಿತ್ತಳೆಯವನು ಹೊರಡುವಾಗ ನನ್ನ ಹತ್ತಿರ ಬಂದು ಸುಲಿದ ಹಣ್ಣಿನ ಅರ್ಧವನ್ನು ಚಾಚಿದ. "ಚಿತ್ರ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಹಳೇ ಗುಡಿ, ಒಣ ಮರ. ಇಂಥಾ ಕಡೆ ಜನ ಸೇರಿಸಬಾರದು. ಬೆಂಕಿಗಿಂಕಿ ಹತ್ಕೊಂಡ್ರೆ ಸುಮ್ಮನೆ ನಿಮ್ಮ ಹೆಸರು ಬರುತ್ತೆ."

"ಹೆಸರು ಬರಲಿ ಅಂತಲೇ ಇಷ್ಟು ವರ್ಷ ಬರೆದಿದ್ದು ಅಣ್ಣಾ. ಇನ್ನೂ ಬಂದಿಲ್ಲ," ಎಂದೆ. ಹಣ್ಣು ತೆಗೆದುಕೊಳ್ಳಲಿಲ್ಲ. ಧೈರ್ಯ ಎಂದುಕೊಳ್ಳಬೇಡ. ಬಸ್ಸಿನಲ್ಲಿ ತೈಯುವಾನ್ ಬರುವ ತನಕ ಹಿಂದೆ ಯಾವ ಕಾರು ಬರುತ್ತಿದೆ ಎಂದು ತಿರುಗಿ ತಿರುಗಿ ನೋಡಿದೆ.

ಸೋಮವಾರ ಕಾಲೇಜಿನ ಡೀನ್ ಕರೆಸಿದರು. "ಪಾಂಗ್ ಸುಯೂನ್, ನಿಮ್ಮದು ಕಲಾ ಇತಿಹಾಸ ಅಲ್ವಾ?" ಎಂದರು. ಹೌದೆಂದೆ. "ಹಾಗಾದ್ರೆ ಶ್ವಾಸಕೋಶ ಎಲ್ಲಿಂದ ಬಂತು?" ಗೋಡೆಯಿಂದ ಎಂದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮುಂದಿನ ವರ್ಷದ ಪ್ರವಾಸದ ಅನುದಾನಕ್ಕೆ ನನ್ನ ಹೆಸರು ಇರುವುದಿಲ್ಲ ಎಂದಷ್ಟೇ ತಿಳಿಸಿದರು. ನಾನು ಹೋಗಬೇಕಾದ ದೂರಕ್ಕೆ ಬಸ್ಸಿದೆ.

ಒಳ್ಳೆಯದೂ ನಡೆಯಿತು. ಇನ್ನೊಂದು ಶನಿವಾರ ಅಂಗಳದಲ್ಲಿ ಜನ ಸೇರುವುದು ಬೈಶಿಯ ಸರ್ಕಾರಿ ಕಚೇರಿಯವರಿಗೆ ಬೇಕಿರಲಿಲ್ಲ. ಜೊತೆಗಾರರ ಸಾಕ್ಷಿಯನ್ನೇ ಒಪ್ಪಿಕೊಂಡು ಎಲ್ಲರನ್ನೂ ನಗರದ ಸಮಿತಿಗೆ ಕಳಿಸಲು ಸಹಿ ಹಾಕಿದರು. ಹೌ ಎಲ್ಲಿಂದಲೋ ಒಂದು ವ್ಯಾನು ಹೊಂದಿಸಿದ, ಯಾರದೆಂದು ಹೇಳಲಿಲ್ಲ, ನಾವು ಕೇಳಲಿಲ್ಲ. ಹೋದ ವಾರ ಎಲ್ಲರೂ ತೈಯುವಾನಿಗೆ ಬಂದರು. ನಿಯೆಯೂ ಬಂದಳು. ಗಂಡಸರು ಆಸ್ಪತ್ರೆಯ ಮೊಗಸಾಲೆಯಲ್ಲಿ ಮದುವೆಗೆ ಬಂದವರ ಹಾಗೆ ಒಳ್ಳೆಯ ಅಂಗಿ ತೊಟ್ಟು ಸಾಲಾಗಿ ಕೂತಿದ್ದರು.

ಬಂದವರಲ್ಲಿ ಹೆಚ್ಚಿನವರಿಗೆ ಧೂಳಿನ ಕಾಯಿಲೆ ಎಂದೇ ಬರೆದುಕೊಟ್ಟರು. ಕೊರೆಯುವ ಯಂತ್ರದವನಿಗೆ ಎರಡನೇ ಹಂತ. ಅವನು ಆ ಕಾಗದ ಹಿಡಿದು, "ಕಾಯಿಲೆ ಇದೆ ಅಂತ ಗೊತ್ತಾಗಿ ಇಷ್ಟು ಖುಷಿ ಆಗಿದ್ದು ನಾನೊಬ್ಬನೇ ಇರಬೇಕು" ಎಂದು ಕಣ್ಣೊರೆಸಿಕೊಂಡ. ಇನ್ನು ಅವರ ಔಷಧದ ಹೊಣೆ ಗಣಿಯದು.

ಯೂಶಾನ್‌ಗೆ ಮಾತ್ರ ಇಲ್ಲ. ಎಲ್ಲರಿಗಿಂತ ಮೊದಲು ಬಂದಿದ್ದವನು ಅವನು, ಅದೇ ಅವನಿಗೆ ಮುಳುವಾಯಿತು. ಸಮಿತಿಯ ಮುಖ್ಯಸ್ಥರು ಹೇಳಿದರು: "ಇವರ ಮೇಲೆ ಮೊದಲೇ ತೀರ್ಮಾನ ಆಗಿದೆ. ಕ್ಷಯ ಅಂತ. ಅದನ್ನ ನಾವು ಅಳಿಸೋಕಾಗಲ್ಲ. ಆವತ್ತು ನೋಡಿದ ಡಾಕ್ಟರೇ ತಮ್ಮ ಅಭಿಪ್ರಾಯ ವಾಪಸ್ ತಗೊಂಡ್ರೆ ಮತ್ತೆ ತೆಗೀಬಹುದು. ಹೊಸ ವರ್ಷದ ವಸಂತ ಹಬ್ಬ ಆದ್ಮೇಲೆ ಸಮಿತಿ ಮತ್ತೆ ಸೇರುತ್ತೆ." ಆ ಡಾಕ್ಟರ್ ಯಾರು ಎಂದು ನಿಯೆ ಕೇಳಿದಳು. ಈಗ ಇಲ್ಲಿಲ್ಲ ಎಂದರು, ಅಷ್ಟೇ. ನಿಯೆ ಬಾಗಿಲಾಚೆ ಬಂದು ಗೋಡೆಗೆ ಒದ್ದಳು. ಯೂಶಾನ್ ಅವಳನ್ನೇ ಸಮಾಧಾನ ಮಾಡಿದ, "ಬಿಡು ತಾಯಿ... ಗೋಡೆ... ಏನು ಮಾಡ್ತು."

ಅಷ್ಟು ದೂರ ಮತ್ತೆ ಅದೇ ದಿನ ಕುಲುಕಿಕೊಂಡು ಹೋಗುವ ಸ್ಥಿತಿಯಲ್ಲಿ ಅವನಿರಲಿಲ್ಲ. ಉಳಿದವರು ವ್ಯಾನಿನಲ್ಲಿ ಹೋದರು, ಗಂಡಹೆಂಡಿರನ್ನು ನಾನು ನಮ್ಮ ಮನೆಗೆ ಕರೆತಂದೆ. ಮರುದಿನ ಊಟ ಮಾಡಿಸಿ ಕಳಿಸಿದೆ. ಈ ಚಳಿಗಾಲ ಕಳೆದರೆ ಬೇಸಿಗೆ ನೋಡುತ್ತಾನೆ ಎನ್ನುತ್ತಾಳೆ ನಿಯೆ. ಅವಳು 'ಕಳೆದರೆ' ಎನ್ನುವಾಗ ನನ್ನ ಕಡೆ ನೋಡುವುದಿಲ್ಲ.

ಉಪನ್ಯಾಸ ನಿಲ್ಲಿಸಿಲ್ಲ. ಹೌ ಭವನದ ಬೀಗ ತೆಗೆದಿದ್ದಾನೆ. ಹೀಟರ್ ತಾನಾಗಿಯೇ ಸರಿಹೋಯಿತಂತೆ.

ನಿನ್ನ ಆರೋಗ್ಯ ನೋಡಿಕೊ. ಜ್ವರ ಬಂದರೆ ಬೇರೆಯವರಿಗೆ ಹೇಳು, ನೀನೇ ಡಾಕ್ಟರೆಂದು ಸುಮ್ಮನಿರಬೇಡ. ಹೊಸ ವರ್ಷ ನಿನಗೆ ಒಳಿತನ್ನೇ ತರಲಿ, ನಿನ್ನ ಕೈ ಮುಟ್ಟಿದವರಿಗೆಲ್ಲ ವಾಸಿಯಾಗಲಿ. ಈ ಹಾರೈಕೆಯನ್ನು ಪ್ರತಿ ವರ್ಷ ಬಾಯಿಮಾತಿಗೆ ಹೇಳುತ್ತಿದ್ದೆ. ಈ ಸಲ ಹಾಗಲ್ಲ.

ನಿನ್ನ
ಸುಯೂನ್

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲಾರದೆ ಇಷ್ಟುದ್ದ ಬರೆದೆ.

ಅವರು ನಮ್ಮಲ್ಲಿ ತಂಗಿದ ಮರುದಿನ ಬೆಳಿಗ್ಗೆ ನಾನೂ ಮೆಯ್‌ಶಿಯಾನಳೂ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆವು. ಯೂಶಾನ್ ಇನ್ನೂ ಎದ್ದಿರಲಿಲ್ಲ. ಅವಳು, "ಅಕ್ಕಾ, ಆ ಪುಸ್ತಕದ ಕಪಾಟಿನ ಮೇಲಿರೋ ಫೋಟೋದಲ್ಲಿ ನಿಮ್ಮ ಪಕ್ಕ ಇರೋರು?" ಎಂದಳು. ನನ್ನ ಗಂಡ, ಡಾಕ್ಟರು, ಆಫ್ರಿಕಾಕ್ಕೆ ಹೋಗಿದ್ದಾರೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ, ಎಲ್ಲರಿಗೂ ಹಾಗೇ ಹೇಳುತ್ತೇನೆ. ಯಾವಾಗ ಹೋದರು ಎಂದು ಕೇಳಿದಳು. ಹೇಳಿದೆ.

"ಹಾಗಾದ್ರೆ ನಾವು ಬಂದು ಹೋದ್ಮೇಲೆ ಹೋಗಿದಾರೆ," ಎಂದಳು. "ಆವತ್ತು ಇವರನ್ನ ನೋಡಿದ್ದು ಅವರೇ. ಒಳ್ಳೇವ್ರು ಅಕ್ಕಾ. ಎದೆಗಿಡೋ ಬಿಲ್ಲೆ ತಣ್ಣಗಿರುತ್ತೆ ಅಂತ ಬಾಯಿಂದ ಊದಿ ಬಿಸಿ ಮಾಡಿ ಇಟ್ರು. ಇನ್ಯಾರೂ ಹಾಗೆ ಮಾಡಿರ್ಲಿಲ್ಲ. ಕ್ಷಯ ಅಂತ ಬರೆದು ಕೊಟ್ಮೇಲೆ ನಮ್ಮ ಹಿಂದೇನೇ ಮೆಟ್ಟಿಲ ತನಕ ಬಂದ್ರು. 'ತಂಗಿ, ನನಗೆ ಬರೆಯೋಕೆ ಬಿಟ್ಟಿರೋದು ಇಷ್ಟೇ. ಇವರನ್ನ ಇನ್ನು ಗಣಿಗೆ ಇಳಿಸಬೇಡ' ಅಂದ್ರು. ಕ್ಷಯಕ್ಕೂ ಗಣಿಗೂ ಏನು ಸಂಬಂಧ ಅಂತ ನನಗೆ ಆವತ್ತು ಹೊಳೀಲಿಲ್ಲ."

ಬಿಲ್ಲೆಯನ್ನು ಊದಿ ಬಿಸಿ ಮಾಡುವವನು ನೀನೇ, ರೆನ್. ಆ ಸಮಿತಿಯಲ್ಲಿ ನೀನೂ ಕೂರುತ್ತಿದ್ದೆ ಎಂದು ನನಗೆ ಒಮ್ಮೆಯೂ ಹೇಳಲಿಲ್ಲ. ನಮ್ಮ ಮದುವೆಗೂ ಮೊದಲು ನನ್ನ ಎದೆಗೆ ಇಟ್ಟಾಗಲೂ ಊದಿದ್ದೆ. ನಿನಗೆ ಅಷ್ಟನ್ನೇ ಬರೆಯಲು ಬಿಟ್ಟವರು ಯಾರು, ಏನೆಂದು ಹೆದರಿಸಿದರು, ನನಗೆ ಗೊತ್ತಿಲ್ಲ. ನೀನು ಊಟ ಬಿಟ್ಟು, ಮಾತು ಬಿಟ್ಟು, ಇದ್ದಕ್ಕಿದ್ದಂತೆ ಬಡದೇಶಕ್ಕೆ ಹೋಗುತ್ತೇನೆಂದು ಹೆಸರು ಕೊಟ್ಟಾಗ ನಾನು ಸ್ನೇಹಿತರನ್ನೆಲ್ಲ ಕರೆದು ಊಟ ಹಾಕಿಸಿದೆ. ನಿನ್ನ ದೊಡ್ಡ ಮನಸ್ಸಿಗೆ ಎಲ್ಲರೂ ಲೋಟ ಎತ್ತಿದರು. ನೀನು ಆಗ ತಟ್ಟೆ ನೋಡುತ್ತಿದ್ದೆ.

ಸಮಿತಿ ಯಾವಾಗ ಸೇರುತ್ತದೆಂದು ಮೇಲೆ ಬರೆದಿದ್ದೇನೆ. ಏನು ಮಾಡಬೇಕೆಂದು ನಾನು ಬರೆಯುವುದಿಲ್ಲ.

ಯೂಶಾನ್‌ಗೆ ಇದು ಗೊತ್ತೇ ಎಂದು ಮೆಯ್‌ಶಿಯಾನಳನ್ನು ಕೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ತೋಳು ಹಿಡಿದು, "ಇಲ್ಲಕ್ಕಾ. ಬರುವಾಗ ಅವರು ಸುಸ್ತಾಗಿ ಕಣ್ಣೇ ಬಿಟ್ಟಿರ್ಲಿಲ್ಲ, ಫೋಟೋ ನೋಡಿಲ್ಲ. ನಾನು ಆಗಲೇ ಅದನ್ನ ಹಿಂದಕ್ಕೆ ತಿರುಗಿಸಿಟ್ಟೆ, ತಪ್ಪು ತಿಳೀಬೇಡಿ. ಎಷ್ಟೋ ತಿಂಗಳಾದ್ಮೇಲೆ ನಿದ್ದೆ ಮಾಡ್ತಿದಾರೆ. ಮಾಡ್ಲಿ," ಎಂದಳು.

ಅವನನ್ನು ನಿನ್ನ ಮಂಚದಲ್ಲೇ ಮಲಗಿಸಿದ್ದೆ. ಒರಗಿ ಕೂತೇ ನಿದ್ದೆ ಮಾಡಬೇಕು ಅವನು, ಅದಕ್ಕೆ ನಿನ್ನ ದಿಂಬುಗಳನ್ನೆಲ್ಲ ಬೆನ್ನಿಗೆ ಕೊಟ್ಟಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು, ಉಸಿರು ಕೂಡಿಸಿಕೊಂಡು, "ಅಕ್ಕಾ... ಅಣ್ಣನಿಗೆ ಹೇಳಿ... ಅವರ ಹಾಸಿಗೇಲಿ... ಚೆನ್ನಾಗಿ ನಿದ್ದೆ ಬಂತು," ಎಂದ.

ಹೇಳಿದ್ದೇನೆ.